ತಪ್ಪುಕಾಣಿಕೆ

ಕಕ್ಕಿಂಜೆ
12-7-1983

ತ್ರಿಶಲಾ,

ಲಕೋಟೆಯ ಮೇಲಿನ ಅಕ್ಷರ ಕಾಂತಿ ಟೀಚರದ್ದು, ಒಳಗಿನದ್ದು ನಿನ್ನ ಅಕ್ಕನದ್ದು. ಹೆದರಬೇಡ. ನೀನು ಬರೆಯುವಾಗಲೂ ಟೀಚರ ಹೆಸರಿಗೆ, ಶಾಲೆಯ ವಿಳಾಸಕ್ಕೇ ಬರೆ. ಅವರು ಅಕ್ಕಿಗೆಂದು ನಮ್ಮ ಗಿರಣಿಗೆ ಬರುವಾಗ ಕೈಚೀಲದಲ್ಲಿಟ್ಟು ತಂದುಕೊಡುತ್ತಾರೆ. ಮನೆಗೆ ಬಂದ ಕಾಗದವನ್ನೆಲ್ಲ ಮೊದಲು ಒಡೆದು ಓದುವುದು ಇವರು.

ನೀನು ಕಾನೂನು ಓದುತ್ತಿದ್ದೀ ಎಂದು ನಿನ್ನ ಹತ್ತಿರ ಕೇಳುತ್ತಿದ್ದೇನೆ. ಅಮ್ಮನಿಗೆ ಗೊತ್ತುಂಟು. ಆದರೆ ಇವರು ಅವಳ ಅಣ್ಣನ ಮಗ. ವರ್ಧಮಾನ ಮಾವನ ಮಾತು ನಡೆಯುವ ಮನೆಯಲ್ಲಿದ್ದುಕೊಂಡು ಮಾವನ ಮಗನ ಮೇಲೆ ದೂರು ಹೇಳುವುದು ಹೇಗೆ ಎಂದು ಅವಳು ಬಾಯಿ ಹೊಲಿದುಕೊಂಡು ಕೂತಿದ್ದಾಳೆ.

ಇವರು ಹೊಡೆಯುತ್ತಾರೆ. ಮದುವೆಯಾದ ವರ್ಷವೇ ಶುರುವಾದದ್ದು. ಈ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ, ಹುಳ ಸಾಯಬಾರದು. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು, ದೀಪಕ್ಕೆ ಬಂದ ಹುಳ ಅನ್ನಕ್ಕೆ ಬೀಳಬಾರದು. ಊಟ ಮುಗಿಸಿ ಬಾಯಿ ಮುಕ್ಕಳಿಸಿ ಬಂದು ಇವರು ಮೊಳೆಗೆ ತೂಗಿಸಿದ ಬೆಲ್ಟನ್ನು ತೆಗೆಯುತ್ತಾರೆ. ಗಿರಣಿಯ ಚಕ್ರಕ್ಕೆ ಹಾಕುವ ಬೆಲ್ಟಿನ ಹಳೆಯ ತುಂಡು ಅದು, ಅಂಗೈಯಷ್ಟು ಅಗಲ. ಬಿದ್ದಲ್ಲಿ ಚರ್ಮ ಒಡೆಯುವುದಿಲ್ಲ, ಒಳಗೆ ಮಾಂಸ ಒಡೆಯುತ್ತದೆ. ಮೊನ್ನೆಯ ಕಾರಣ ಏನು ಗೊತ್ತುಂಟಾ? ಭತ್ತ ತಂದವರೊಬ್ಬರು ಏನೋ ತಮಾಷೆ ಮಾಡಿದರು, ನಾನು ನಕ್ಕೆ. ಸುಮತಿ ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು. ಐದು ವರ್ಷದ ಮಗು, ಅಳಲಿಲ್ಲ. ಅವಳು ಅಳದೆ ಇದ್ದದ್ದು ನೋಡಿ ನನಗೆ ಹೆದರಿಕೆಯಾಯಿತು.

ಅವಳನ್ನು ಕರೆದುಕೊಂಡು ನಾನು ಹೊರಡಬಹುದಾ? ನಿನ್ನ ಕಾನೂನು ಏನು ಹೇಳುತ್ತದೆ? ನನಗೆ ಇಷ್ಟು ತಿಳಿದರೆ ಸಾಕು.

ನಿನ್ನ ಅಕ್ಕ
ಪದ್ಮಲತಾ

* * *

ಬಂಟ್ವಾಳ
20-7-1983

ಅಕ್ಕಾ,

ನಿನ್ನ ಕಾಗದವನ್ನು ವಕೀಲ ಪರಮೇಶ್ವರ ರಾಯರ ಆಫೀಸಿನಲ್ಲಿ, ಟೈಪ್ ಮಾಡಬೇಕಾದ ದಾವೆಗಳ ನಡುವೆ ಕೂತು ಓದಿದೆ. ಆ ಬೆಲ್ಟನ್ನು ಭಾವನ ಕುತ್ತಿಗೆಗೆ ಸುತ್ತಿ ಗಿರಣಿ ಚಾಲೂ ಮಾಡಬೇಕು ಅನ್ನಿಸಿತು. ನಿಜ ಹೇಳುತ್ತೇನೆ, ಅಷ್ಟೇ ಅನ್ನಿಸಿತು. ಆಮೇಲೆ ಮುಖ ತೊಳೆದುಕೊಂಡು ಬಂದು ಪುಸ್ತಕ ತೆಗೆದೆ.

ಈಗ ಸರಿಯಾಗಿ ಕೇಳು. ನೀನು ಹೊರಡಬೇಡ. ಸಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದ ಹೆಂಡತಿಗೆ ಜೀವನಾಂಶ ಸಿಗುವುದಿಲ್ಲ. ಹೊಡೆತ ಸಕಾರಣವೇ, ಆದರೆ ಅದನ್ನು ತೋರಿಸಿಕೊಡಬೇಕು. ನೀನು ಇವತ್ತು ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದರೆ ನಾಳೆ ಅವರ ವಕೀಲ, ಇವಳು ತಾನಾಗಿ ಮನೆ ಬಿಟ್ಟವಳು ಎನ್ನುತ್ತಾನೆ. ನಿನ್ನ ಕೈಯಲ್ಲಿ ಏನುಂಟು? ಸರಕಾರಿ ಡಾಕ್ಟರ ಗಾಯದ ಸರ್ಟಿಫಿಕೇಟು ಬೇಕು. ಕಣ್ಣಾರೆ ನೋಡಿದ ಹೊರಗಿನ ಸಾಕ್ಷಿ ಬೇಕು. ಸಾಕ್ಷಿ ಇಲ್ಲದ ಸತ್ಯಕ್ಕೆ ಕೋರ್ಟಿನಲ್ಲಿ ಕಾಲಿಲ್ಲ ಎಂದು ನಮ್ಮ ಮೇಷ್ಟ್ರು ಹೇಳುತ್ತಾರೆ.

ಹಾಗಾಗಿ ಸ್ವಲ್ಪ ಸಮಯ ಇರು, ಮಾರಾಯ್ತಿ. ಪುರಾವೆ ಕೂಡಲಿ. ಆಮೇಲೆ ನೋಡುವ, ವರ್ಧಮಾನ ಮಾವನ ಜೋರು ಎಷ್ಟು ದಿನ ಎಂದು. ಸಂಜೆ ಕಾಲೇಜು, ಹಗಲು ರಾಯರ ಆಫೀಸು, ನಾನು ಸುಮ್ಮನೆ ಓದುತ್ತಾ ಇಲ್ಲ.

ನಿನ್ನ ತಂಗಿ
ತ್ರಿಶಲಾ

* * *

ಕಕ್ಕಿಂಜೆ
3-10-1983

ತ್ರಿಶಲಾ,

ನೀನು ಹೇಳಿದ ಹಾಗೆ ಇದ್ದೇನೆ.

ಪುರಾವೆ ಸಿಗುತ್ತದೆ, ಕೈಯಲ್ಲಿ ನಿಲ್ಲುವುದಿಲ್ಲ. ಚೌತಿ ಕಳೆದ ವಾರ ಭತ್ತ ಬೇಯಿಸುವ ಹಂಡೆಯ ಹತ್ತಿರ ಏನೋ ಮಾತಿಗೆ ಮಾತು ಬಂತು. ಇವರು ನನ್ನ ಬಲಗೈ ಮಣಿಗಂಟನ್ನು ಹಿಡಿದು ಹಂಡೆಗೆ ಅದ್ದಿದರು. ಅದ್ದಿ ಹಿಡಿದುಕೊಂಡರು. ಕುಚ್ಚಲಕ್ಕಿಯ ವಾಸನೆ ಬಂದರೆ ಈಗಲೂ ನನಗೆ ವಾಂತಿ ಬಂದ ಹಾಗೆ ಆಗುತ್ತದೆ, ದಿನವಿಡೀ ಅದೇ ವಾಸನೆ. ಕೆಲಸದ ಹೆಂಗಸರು ಮೂರು ಜನ ಅಲ್ಲೇ ಇದ್ದರು. ಒಬ್ಬಳು ಕೂಗಿದಳು, ಮರುದಿನ ಅವಳನ್ನು ಕೆಲಸದಿಂದ ಬಿಡಿಸಿದರು. ಉಳಿದಿಬ್ಬರು ಏನೂ ನೋಡಲಿಲ್ಲ.

ಬೆಳ್ತಂಗಡಿ ಆಸ್ಪತ್ರೆಗೆ ಇವರೇ ಜೀಪಿನಲ್ಲಿ ಕರೆದುಕೊಂಡು ಹೋದರು. ದಾರಿಯಲ್ಲಿ ಸುಮತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಕುತ್ತಿಗೆಯನ್ನು ಮೆಲ್ಲಗೆ ಸವರುತ್ತಾ ಇದ್ದರು. ಡಾಕ್ಟರು ಒಳ್ಳೆಯವರು, ಎರಡು ಸಲ ಕೇಳಿದರು. ಕಾಲು ಜಾರಿ ಕೈ ಹಂಡೆಗೆ ಬಿತ್ತು ಎಂದೆ. ಹೇಳಿದ್ದನ್ನು ಅವರು ಬರೆದುಕೊಂಡರು. ನಿನ್ನ ಸರ್ಟಿಫಿಕೇಟು ಹಾಗೆ ಆಯಿತು.

ಕಾಂತಿ ಟೀಚರು ನನ್ನ ಬೆನ್ನು ನೋಡಿದ್ದಾರೆ. ಆದರೆ ಅವರ ಯಜಮಾನರು ನಮ್ಮ ಗಿರಣಿಯ ಲಾರಿ ಓಡಿಸುವುದು. ಸಾಕ್ಷಿ ಹೇಳಿ ಎಂದು ನಾನು ಕೇಳಲಿಲ್ಲ. ಕಾಗದ ತಂದುಕೊಡುವುದೇ ದೊಡ್ಡದು.

ಇನ್ನು ಎಷ್ಟು ಸಮಯ ಇರಬೇಕು? ಬೇಸರದಿಂದ ಕೇಳುವುದಲ್ಲ, ಎಡಗೈಯಲ್ಲಿ ಬರೆಯುವುದು ಕಷ್ಟ ಆಗುತ್ತದೆ.

ಪದ್ಮಲತಾ

* * *

ಬಂಟ್ವಾಳ
22-1-1984

ಅಕ್ಕಾ,

ನಿನ್ನ ಕೈ ಹೇಗುಂಟು? ಮೊದಲೇ ಬರೆಯಬೇಕಿತ್ತು, ಕಾಲೇಜಿನ ಗಡಿಬಿಡಿಯಲ್ಲಿ ಆಗಲಿಲ್ಲ. ಎರಡು ಒಳ್ಳೆಯ ಸುದ್ದಿ ಉಂಟು.

ಒಂದು, ಹೆಂಡತಿಯ ಮೇಲೆ ಕ್ರೌರ್ಯ ಮಾಡಿದ ಗಂಡನನ್ನು ಜೈಲಿಗೆ ಹಾಕುವ ಹೊಸ ಕಲಮು ಕಳೆದ ತಿಂಗಳಷ್ಟೇ ದಂಡಸಂಹಿತೆಗೆ ಸೇರಿದೆ. ಪುಸ್ತಕದಲ್ಲಿ ಇನ್ನೂ ಅಚ್ಚಾಗಿಲ್ಲ, ರಾಯರ ಹತ್ತಿರ ಗೆಜೆಟ್ ಬಂದಿದೆ, ನಾನೇ ಪ್ರತಿ ಟೈಪ್ ಮಾಡಿದೆ. ಒಬ್ಬ ಗಟ್ಟಿ ಸಾಕ್ಷಿ ಸಿಗಲಿ, ಭಾವನನ್ನು ಬೆಳ್ತಂಗಡಿ ಪೇಟೆಯಲ್ಲಿ ನಡೆಸಿಕೊಂಡು ಹೋಗುವ ಹಾಗೆ ಮಾಡುತ್ತೇನೆ.

ಇನ್ನೊಂದು, ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ನನಗೆ ಮೊದಲ ಬಹುಮಾನ. ಜೀವನಾಂಶದ ಕೇಸು. ಚೀಟಿ ಎತ್ತಿದಾಗ ನನಗೆ ಬಂದದ್ದು ಗಂಡನ ಪಕ್ಷ, ನೋಡು ನನ್ನ ಹಣೆಬರಹ. ವಕೀಲಳಾದವಳು ಯಾವ ಪಕ್ಷಕ್ಕೂ ತಯಾರಿರಬೇಕು ಎಂದು ಮೇಷ್ಟ್ರು ಹೇಳಿದರು. ಎದುರಿನ ಹುಡುಗ ಹೆಂಡತಿಯ ಗಾಯಗಳನ್ನು ಹೇಳಿ ಹೇಳಿ ಅಳಿಸುವುದೊಂದು ಬಾಕಿ. ನಾನು ಎದ್ದು ನಿಂತು ಒಂದೇ ಪ್ರಶ್ನೆ ಹಾಕಿದೆ: “ಅಷ್ಟು ಹೊಡೆತ ತಿಂದವಳು ಅದೇ ಮನೆಯಲ್ಲಿ ಅಷ್ಟು ಕಾಲ ಯಾಕೆ ಇದ್ದಳು?” ತೀರ್ಪು ಹೇಳಲು ಬಂದ ಹಿರಿಯ ವಕೀಲರು ಕೈ ಕುಲುಕಿ, ಈ ಒಂದು ಪ್ರಶ್ನೆಯಲ್ಲಿ ನೀನು ಕೇಸು ಗೆದ್ದೆ ಎಂದರು. ಬೆಳ್ಳಿಯ ತಟ್ಟೆ ಕೊಟ್ಟಿದ್ದಾರೆ. ಅದು ನಿನಗೆ.

ಇನ್ನು ಸ್ವಲ್ಪವೇ, ಅಕ್ಕ. ಪರೀಕ್ಷೆ ಮುಗಿಯಲಿ.

ತ್ರಿಶಲಾ

* * *

ಮೂಡುಬಿದಿರೆ
19-3-1984

ತ್ರಿಶಲಾ,

ಅಕ್ಕ ನಿನಗೆ ಬರೆದಿರಲಿಕ್ಕಿಲ್ಲ. ಹಾಗಾಗಿ ನಾನು ಬರೆಯುತ್ತೇನೆ.

ಶಿವರಾತ್ರಿಗೆ ಮೊದಲು ನಿನ್ನ ಭಾವ ಹೇಮರಾಜ ಅವಳ ತಲೆಗೆ ಭತ್ತ ಅಳೆಯುವ ಕಬ್ಬಿಣದ ಸೇರಿನಿಂದ ಹೊಡೆದ. ಎಡಬದಿಗೆ. ಕಿವಿಯಿಂದ ರಕ್ತ ಇಳಿದು ರವಕೆ ಸೊಂಟದವರೆಗೆ ಒದ್ದೆಯಾಗಿತ್ತಂತೆ. ಆ ಕಿವಿ ಇನ್ನು ಕೇಳುವುದಿಲ್ಲ. ಯಾವಾಗಲೂ ಒಳಗೆ ಗಿರಣಿ ಓಡಿದ ಹಾಗೆ ಶಬ್ದ ಬರುತ್ತದೆ ಎನ್ನುತ್ತಾಳೆ.

ಊರಲ್ಲಿ ಮಾತಾಯಿತು. ನಿನ್ನ ಮಾವನಿಗೆ ಮರ್ಯಾದೆಯ ಚಿಂತೆ. ಗಂಡ ಹೆಂಡತಿ ಇಬ್ಬರನ್ನೂ ಇಲ್ಲಿಗೆ ಕರೆಸಿ ನಮ್ಮ ಮನೆಯ ದೈವದ ಕಲ್ಲಿನ ಎದುರು ನಿಲ್ಲಿಸಿದರು. ಅವಳ ಕೈಯನ್ನು ಸುಮತಿಯ ತಲೆಯ ಮೇಲೆ ಇಡಿಸಿ ಆಣೆ ಹಾಕಿಸಿದರು. ನನ್ನ ಗಂಡ ನನಗೆ ಕೈ ಮಾಡಲಿಲ್ಲ, ಅಟ್ಟದಿಂದ ಬಿದ್ದದ್ದು ಎಂದು ಅವಳು ಹೇಳಿದಳು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಹೇಳಿದಳು.

ನಾನು ಅಲ್ಲೇ ಇದ್ದೆ. ಹೂವಿನ ತಟ್ಟೆ ಹಿಡಿದುಕೊಂಡಿದ್ದೆ.

ಅಮ್ಮ

* * *

ಬಂಟ್ವಾಳ
6-5-1984

ಅಮ್ಮಾ,

ನಿಮ್ಮ ಕಾಗದ ಬಂದ ಮರುದಿನವೇ ಕಕ್ಕಿಂಜೆಗೆ ಹೋದೆ. ಭಾವ ಅಂಗಳಕ್ಕೂ ಬಿಡಲಿಲ್ಲ. ನಾನು ಜೋರು ಮಾಡಿದೆ, ಕಾನೂನು ಹೇಳಿದೆ. ನನ್ನ ಜಡೆ ಹಿಡಿದು ಗೇಟಿನ ಕಬ್ಬಿಣಕ್ಕೆ ಹಣೆ ಬಡಿದರು. ನಾಲ್ಕು ಹೊಲಿಗೆ ಬಿದ್ದಿದೆ, ಆಗಲೇ ಬರೆದರೆ ನಿಮಗೆ ಇನ್ನೂ ಸಂಕಟ ಎಂದು ಸುಮ್ಮನಿದ್ದೆ. ಕಿಟಕಿಯಲ್ಲಿ ಅಕ್ಕ ಇದ್ದಳು. ಅವಳು ಹೇಳಿದ್ದು ಇಷ್ಟೇ: “ಹೋಗು ತ್ರಿಶಲಾ. ಮಗುವಿನ ತಲೆ ಮುಟ್ಟಿ ಆಣೆ ಹಾಕಿದ್ದೇನೆ. ಇನ್ನು ನಾನು ಬಾಯಿ ಬಿಟ್ಟರೆ ಅದು ಸುಮತಿಗೆ ತಾಗ್ತದೆ.”

ಆಣೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ ಎಂದು ನಾನು ಹತ್ತು ಪುಟ ಬರೆದೆ. ಅವಳು ಉತ್ತರ ಕೊಡಲಿಲ್ಲ. ಕೊಡುವುದೂ ಇಲ್ಲ, ನನಗೆ ಗೊತ್ತುಂಟು. ಅವಳಿಗೆ ಆ ಕಲ್ಲು ಕೋರ್ಟಿಗಿಂತ ದೊಡ್ಡದು.

ಆದರೆ ನಿನ್ನೆ ಪರೀಕ್ಷೆಗೆ ಅಳಿಯಸಂತಾನ ಕಟ್ಟಿನ ಪಾಠ ಓದುತ್ತಿದ್ದೆ. ಅದರಲ್ಲಿ ಹೊಸತೇನೂ ಇಲ್ಲ, ನಾವು ಬದುಕಿದ್ದೇ ಅದು. ಮಕ್ಕಳು ತಾಯಿಯ ಕುಟುಂಬದವರು, ತಂದೆಯ ಕುಟುಂಬದವರಲ್ಲ. ಓದುತ್ತಾ ಕೈ ನಿಂತಿತು. ಹಾಗಾದರೆ ಭಾವ ಯಾರು? ಮಾವ ನಮ್ಮ ಕುಟುಂಬ, ಸರಿ. ಮಾವನ ಮಗ ನಮ್ಮವನಲ್ಲ. ಅವನು ಅತ್ತೆಯ ಕುಟುಂಬದವನು, ಅವನ ದೈವ ಬೇರೆ, ಕಲ್ಲು ಬೇರೆ. ನಮ್ಮ ದೈವ ನಿಮ್ಮದು, ಅಕ್ಕನದು, ಸುಮತಿಯದು. ಹೊರಗಿನವನೊಬ್ಬನನ್ನು ಉಳಿಸಲು ನಮ್ಮ ದೈವದ ಎದುರು ನಮ್ಮ ಹೆಣ್ಣಿನ ಕೈಯಿಂದ ಸುಳ್ಳು ಹೇಳಿಸಿದ್ದು ಮಾವ. ತಪ್ಪು ಅವರದು. ತಪ್ಪಾದರೆ ತಪ್ಪುಕಾಣಿಕೆ ಹಾಕಿ ದೈವದ ಎದುರು ಒಪ್ಪಿಕೊಂಡರೆ ಆಣೆ ಬಿಡುತ್ತದೆ ಎಂದು ಸಣ್ಣದಿರುವಾಗ ನೀವೇ ಹೇಳಿದ್ದು.

ಇದನ್ನು ನಾನು ಬಂದು ಹೇಳಿದರೆ ಮಾವ ನಗುತ್ತಾರೆ. ಕುಟುಂಬದ ಹಿರಿಯ ಹೆಣ್ಣು ನೀವು. ನೀವು ಕೇಳಿದರೆ ಮಾತ್ರ ಅದು ಪ್ರಶ್ನೆ. ಅಮ್ಮಾ, ಸಂಕ್ರಮಣದ ದಿನ ದೈವಕ್ಕೆ ತಂಬಿಲದ ಸೇವೆ ಕೊಡಲು ಎಲ್ಲರೂ ಸೇರುತ್ತಾರಲ್ಲ.

ತ್ರಿಶಲಾ

* * *

ಮೂಡುಬಿದಿರೆ
17-6-1984

ತ್ರಿಶಲಾ,

ಕೇಳಿದೆ.

ದೈವಕ್ಕೆ ತಂಬಿಲ ಬಡಿಸಿ ಆಗಿತ್ತು. ಪಾತ್ರಿ ಧರ್ಣಪ್ಪನ ಮೈಮೇಲೆ ದೈವದ ದರ್ಶನ ಬಂದಿತ್ತು. ಕುಟುಂಬದವರೆಲ್ಲ ಇದ್ದರು. ಪದ್ಮಲತಾ, ಹೇಮರಾಜ ಇಬ್ಬರನ್ನೂ ನಿನ್ನ ಮಾವ ಕರೆಸಿದ್ದರು, ಎಲ್ಲ ಸರಿಯಾಗಿದೆ ಎಂದು ತೋರಿಸಲಿಕ್ಕೆ. ನಾನು ಮುಂದೆ ಹೋಗಿ ನಿಂತೆ.

“ಅಣ್ಣ, ದೈವದ ಎದುರು ಹೇಳು. ಹೇಮರಾಜ ಯಾರ ಕುಟುಂಬ?” ಎಂದೆ.

“ಅದು ಈಗ ಯಾಕೆ?” ಎಂದರು.

“ಹೇಳು. ಎಲ್ಲರಿಗೂ ಗೊತ್ತುಂಟು, ನಿನ್ನ ಬಾಯಲ್ಲಿ ಬರಲಿ.”

“ಅವನ ತಾಯಿಯ ಕುಟುಂಬ” ಎಂದರು.

“ಹಾಗಾದರೆ ಆ ಹೊರಗಿನವನಿಗೋಸ್ಕರ ನಮ್ಮ ಹೆಣ್ಣಿನ ಕೈಯಲ್ಲಿ ಇಲ್ಲಿ ಸುಳ್ಳು ಹೇಳಿಸಿದ್ದು ಯಾರು?” ಎಂದೆ.

ಅಣ್ಣ ನನ್ನ ಕೆನ್ನೆಗೆ ಹೊಡೆದರು. ನಮ್ಮಪ್ಪ ಸಹ ನನಗೆ ಹೊಡೆದವರಲ್ಲ. ಒಂದು ಹಲ್ಲು ಸಡಿಲಾಯಿತು, ತುಟಿ ಒಡೆಯಿತು. ನಾನು ಸೆರಗಿನ ಗಂಟು ಬಿಚ್ಚಿ ಕಾಣಿಕೆ ತೆಗೆದು ಕಲ್ಲಿನ ಎದುರು ಇಟ್ಟೆ. ಅದಕ್ಕೆ ನನ್ನ ಬಾಯಿಯ ರಕ್ತ ತಾಗಿತ್ತು, ಒರೆಸಲಿಲ್ಲ. ಹೂವಿನ ತಟ್ಟೆ ಹಿಡಿದುಕೊಂಡು ಸುಮ್ಮನಿದ್ದವಳು ನಾನು, ತಪ್ಪು ನನ್ನದೂ ಉಂಟು, ನನ್ನ ಮಗಳದ್ದು ಇಲ್ಲ ಎಂದೆ. ದೈವ ತುಂಬ ಹೊತ್ತು ನಮ್ಮನ್ನೇ ನೋಡಿತು. ಆಮೇಲೆ ಯಾವಾಗಲೂ ಮೊದಲು ಪ್ರಸಾದ ಪಡೆಯುವ ಅಣ್ಣನನ್ನು ದಾಟಿ ಬಂದು ಗಂಧಪ್ರಸಾದವನ್ನು ಪದ್ಮಲತಾಳ ಕೈಗೆ ಹಾಕಿತು.

ಹೇಮರಾಜ ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡು ಜೀಪಿಗೆ ಹಾಕಿದ. ಈ ಮನೆ ಹೆಣ್ಣುಮಕ್ಕಳದ್ದು, ಮಗನ ಪಕ್ಷ ನಿಲ್ಲುವುದಾದರೆ ನೀನೂ ಅದೇ ಜೀಪು ಹತ್ತು ಎಂದು ಅಣ್ಣನಿಗೆ ಹೇಳಿದೆ. ಅವರು ಹತ್ತಿದರು.

ಅಮ್ಮ

* * *

ಮೂಡುಬಿದಿರೆ
2-7-1984

ತ್ರಿಶಲಾ,

ಊರಿನ ಹೆಸರು ನೋಡಿದೆಯಾ? ನಾನು ಬಂದುಬಿಟ್ಟೆ. ಸುಮತಿಯೂ ಇದ್ದಾಳೆ, ಅಮ್ಮನ ಹತ್ತಿರ ಮಲಗಿದ್ದಾಳೆ.

ತಂಬಿಲದ ದಿನ ಮನೆಗೆ ಮುಟ್ಟಿದ ಮೇಲೆ ಏನಾಯಿತು ಎಂದು ಕೇಳಬೇಡ. ಅಮ್ಮನಿಗೂ ಹೇಳಲಿಲ್ಲ. ಎದ್ದು ನಿಲ್ಲಲು ಆದ ದಿನ ಬೆಳಿಗ್ಗೆ ಚಾರ್ಮಾಡಿಯಿಂದ ಬರುವ ಬಸ್ಸಿಗೆ ಹೊರಟೆ. ಮಗುವನ್ನು ಮೇಲೆ ಹತ್ತಿಸಿದೆ, ನನ್ನ ಒಂದು ಕಾಲು ಮೆಟ್ಟಿಲಿನಲ್ಲಿ. ಅಷ್ಟರಲ್ಲಿ ಇವರು ಹಿಂದಿನಿಂದ ಬಂದರು. ಜುಟ್ಟು ಹಿಡಿದು ಎಳೆದರು, ನಾನು ಬಾಗಿಲ ಸರಳನ್ನು ಬಿಡಲಿಲ್ಲ. ಸುಟ್ಟ ಕೈ, ಆದರೂ ಬಿಡಲಿಲ್ಲ. ಬೆಲ್ಟು ತಂದಿದ್ದರು. ಬೆನ್ನಿಗೆ, ತಲೆಗೆ, ಸರಳು ಹಿಡಿದ ಬೆರಳುಗಳಿಗೆ ಹೊಡೆದರು. ಬಸ್ಸು ತುಂಬ ಜನ. ಈ ಸಲ ನಾನು ಬೊಬ್ಬೆ ಹೊಡೆದೆ. ಇಷ್ಟು ವರ್ಷ ಒಳಗಿಟ್ಟುಕೊಂಡ ಬೊಬ್ಬೆಯನ್ನೆಲ್ಲ ಹೊಡೆದೆ.

ಕಂಡಕ್ಟರ್ ಅಬ್ದುಲ್ ರವೂಫ್ ಇಳಿದು ಬಂದು ಬೆಲ್ಟಿನ ತುದಿಯನ್ನು ಚಪ್ಪಲಿಯಲ್ಲಿ ಮೆಟ್ಟಿ ನಿಂತರು. “ಹೆಮ್ಮಕ್ಕಳಿಗೆ ಹೊಡೀಲಿಕ್ಕೆ ನನ್ನ ಬಸ್ಸೇ ಬೇಕಾ ಧನಿಗಳೇ?” ಎಂದರು. ಇವರು ಅವರ ಮುಖಕ್ಕೆ ಗುದ್ದಿದರು, ಮೂಗಿನಿಂದ ರಕ್ತ ಬಂತು. ಅವರು ಕಾಲು ತೆಗೆಯಲಿಲ್ಲ. ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸೀಟಿ ಊದಿದರು. ಬಸ್ಸು ಹೊರಟಿತು, ಅವರು ಓಡಿ ಬಂದು ಹತ್ತಿದರು. ಬೆಳ್ತಂಗಡಿಯವರೆಗೆ ಟಿಕೇಟು ಕೊಡಲೇ ಇಲ್ಲ.

ಸಾಕ್ಷಿ ಬೇಕು ಎಂದಿದ್ದೆಯಲ್ಲ. ಒಂದು ಬಸ್ಸು ತುಂಬ ಸಿಕ್ಕಿತು.

ಪದ್ಮಲತಾ

* * *

ಬಂಟ್ವಾಳ
2-4-1985

ಅಕ್ಕಾ,

ಮುಂದಿನ ವಾರ ಬೆಳ್ತಂಗಡಿ ಕೋರ್ಟಿನಲ್ಲಿ ನಿನ್ನ ಜೀವನಾಂಶದ ಕೇಸಿನ ಸಾಕ್ಷಿ. ಅದೇ ದಿನ ನನಗೆ ಪರೀಕ್ಷೆ, ಸಾಕ್ಷ್ಯ ಕಾನೂನಿನದ್ದು. ಬರಲಿಕ್ಕೆ ಆಗುವುದಿಲ್ಲ. ಪರಮೇಶ್ವರ ರಾಯರು ಇರುತ್ತಾರೆ, ರವೂಫ್ ಖಂಡಿತ ಬರುತ್ತೇನೆ ಎಂದಿದ್ದಾರೆ.

ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಅವರ ವಕೀಲರು ಕೆಣಕುತ್ತಾರೆ, ಸಿಟ್ಟು ಮಾಡಿಕೊಳ್ಳಬೇಡ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನು. ಬಲಗೈಯ ಸೆರಗು ತೆಗೆದು ನಿಲ್ಲು, ಮ್ಯಾಜಿಸ್ಟ್ರೇಟ್ ಸಾಹೇಬರಿಗೆ ಕಲೆ ಕಾಣಬೇಕು.

ಇನ್ನೊಂದು ಮಾತು ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಈಗ ಬಸ್ಸಿಗೆ ಹೊತ್ತಾಯಿತು.

ತ್ರಿಶಲಾ

* * *

ಮೂಡುಬಿದಿರೆ
11-4-1985

ತ್ರಿಶಲಾ,

ಸಾಕ್ಷಿ ಮುಗಿಯಿತು. ನಿನ್ನ ಪರೀಕ್ಷೆ ಒಳ್ಳೆದಾಗಿರಬಹುದು.

ಪ್ರಮಾಣ ವಚನ ಓದುವವರು ನನ್ನ ಎಡಬದಿಗೆ ನಿಂತು ಓದಿದರು, ನನಗೆ ಗಿರಣಿಯ ಶಬ್ದ ಮಾತ್ರ ಕೇಳಿಸಿತು. ಸಾಹೇಬರು ಅವರನ್ನು ಬಲಕ್ಕೆ ಬರಿಸಿದರು. ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದ್ದು ಏನನ್ನೂ ಹೇಳುವುದಿಲ್ಲ ಎಂದೆ. ಹೇಳುವಾಗ ಅಮ್ಮನ ತುಟಿ ನೆನಪಾಯಿತು. ಎಲ್ಲವನ್ನೂ ಹೇಳಿದೆ, ಹಂಡೆ, ಸೇರು, ಬಸ್ಸು. ತಂಬಿಲದ ರಾತ್ರಿಯದ್ದನ್ನೂ ಹೇಳಿದೆ. ಸಾಹೇಬರು ಬರೆಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದರು. ನನ್ನ ಗಂಡ ಎಂದು ಹೇಳಲಿಲ್ಲ, ಪ್ರತಿ ಸಲ ಹೇಮರಾಜ ಎಂದು ಹೆಸರು ಹಿಡಿದೇ ಹೇಳಿದೆ. ರವೂಫರು ಮೂಗು ಮುರಿದದ್ದನ್ನು ಮುಟ್ಟಿ ತೋರಿಸಿದರು.

ಆಮೇಲೆ ಅವನ ವಕೀಲರು ಎದ್ದರು. ಚಂದದ ಕನ್ನಡ, ಮೆತ್ತಗಿನ ಸ್ವರ. ಕನ್ನಡಕ ಒರೆಸಿಕೊಂಡು, ಸಾಹೇಬರ ಕಡೆ ನೋಡಿ ಕೇಳಿದರು: “ಅಷ್ಟು ಹೊಡೆತ ತಿಂದವಳು ಅದೇ ಮನೆಯಲ್ಲಿ ಅಷ್ಟು ಕಾಲ ಯಾಕೆ ಇದ್ದಳು?”

ನೀನು ಬೆಳ್ಳಿಯ ತಟ್ಟೆ ಗೆದ್ದ ಪ್ರಶ್ನೆ. ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ. ಆ ದಿನ ನಿನ್ನ ಕೈ ಕುಲುಕಿದವರು ಇವರೇ ಇರಬಹುದಾ ಎಂದು ನನಗೆ ಸಂಶಯ ಬಂತು, ಕೇಳಲಿಲ್ಲ.

ಆಮೇಲೆ ಅವರು ನನ್ನ ಕಡೆಗೆ ತಿರುಗಿದರು. “ನಿಮ್ಮ ತಂಗಿ ಕಾನೂನು ಓದುತ್ತಾರಲ್ಲ? ಕೇಸು ಕಟ್ಟಲಿಕ್ಕೆ ಇರಿ ಎಂದು ಅವರು ಹೇಳಿಕೊಟ್ಟದ್ದಲ್ಲವಾ?” ಎಂದರು.

ಹಂಡೆಯೊಳಗೆ ಕೈ ಇದ್ದಾಗ ನಾನು ಏನು ನೆನೆಸಿದ್ದೆ ಗೊತ್ತುಂಟಾ? ಪುರಾವೆ ಆಯಿತು, ತ್ರಿಶಲಾಗೆ ಬರೆಯಬೇಕು ಎಂದು. ಸೇರು ತಲೆಗೆ ಬೀಳುವಾಗ ಪೆಟ್ಟಿಗೆಯಲ್ಲಿ ನಿನ್ನ ಕಾಗದ ಇತ್ತು, ಇನ್ನು ಸ್ವಲ್ಪವೇ ಎಂದು ಬರೆದದ್ದು. ಮೊದಲ ಕಾಗದದಲ್ಲಿ ನಾನು ಕೇಳಿದ್ದು ಹೊರಡಬಹುದಾ ಎಂದು. ನೀನು ಬಾ ಎಂದಿದ್ದರೆ ಆಗಲೇ ಬರುತ್ತಿದ್ದೆ, ಎರಡು ಕಿವಿಯೂ ಇಟ್ಟುಕೊಂಡು. ಆಮೇಲೆ ನೀನು ಎಷ್ಟೋ ಕಾಗದ ಬರೆದೆ. ಒಂದರಲ್ಲಿಯೂ ನನ್ನನ್ನು ಇರು ಎಂದ ಆ ಸುದ್ದಿ ಎತ್ತಲಿಲ್ಲ. ಪ್ರತಿ ಸಲ ಲಕೋಟೆ ಒಡೆಯುವಾಗ ಇದರಲ್ಲಿ ಇರಬಹುದು ಎಂದುಕೊಳ್ಳುತ್ತಿದ್ದೆ.

ಸಿಟ್ಟು ಬಂದಿತ್ತು, ತ್ರಿಶಲಾ. ಹೇಮರಾಜನ ಮೇಲೆ ಬಂದದ್ದಕ್ಕಿಂತ ಹೆಚ್ಚು ಬಂದಿತ್ತು. ಕಟಕಟೆಯಲ್ಲಿ ನಿಂತಾಗ ಅದು ಬಾಯಿಯವರೆಗೆ ಬಂತು.

“ಇಲ್ಲ. ಯಾರೂ ಹೇಳಲಿಲ್ಲ. ನನಗೇ ಹೊರಡುವ ಧೈರ್ಯ ಇರಲಿಲ್ಲ” ಎಂದೆ.

ಸಾಹೇಬರು ಬರೆದುಕೊಂಡರು. ಮಧ್ಯಾಹ್ನದ ಮೇಲೆ ಪರಮೇಶ್ವರ ರಾಯರು, ಕೇಸು ನಿಮ್ಮದೇ ಎಂದರು. ಕೋರ್ಟಿನ ಜಗಲಿಯಲ್ಲಿ ಹೇಮರಾಜ ನನ್ನ ಎಡಬದಿಗೆ ಬಂದು ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಆ ಕಿವಿಯಿಂದ ಆದ ಮೊದಲ ಉಪಕಾರ.

ಹೀಗೆ ಎರಡನೆಯ ಸಲ ನಾನು ಪ್ರಮಾಣ ಮಾಡಿ ಸುಳ್ಳು ಹೇಳಿದೆ. ಮೊದಲನೆಯದ್ದಕ್ಕೆ ಅಮ್ಮ ಕಾಣಿಕೆ ಹಾಕಿದಳು. ಇದಕ್ಕೆ ನೀನು ಹಾಕಬೇಕು. ದುಡ್ಡು ತರಬೇಡ, ಬೆಳ್ಳಿಯ ತಟ್ಟೆಯನ್ನೂ ತರಬೇಡ. ಪರೀಕ್ಷೆ ಮುಗಿದ ದಿನ ಬಸ್ಸು ಹತ್ತಿ ಬಾ. ಬಂದು ನನ್ನ ಎಡಬದಿಗೆ ಕೂತುಕೊ. ಬಸ್ಸಿಗೆ ಹೊತ್ತಾಯಿತು ಎಂದು ಬರೆಯದೆ ಬಿಟ್ಟೆಯಲ್ಲ, ಅದನ್ನು ಆ ಕಿವಿಗೆ ಹೇಳು. ನನಗೆ ಕೇಳಿಸುವುದಿಲ್ಲ. ಆದರೂ ಹೇಳು.

ನಿನ್ನ ಅಕ್ಕ
ಪದ್ಮಲತಾ